ಗಾಳಿ ಕಿಂಡಿ ಮುಚ್ಚದೆ ಕಳೆದ ಒಂದು ದಿನ

15 ಡಿಸೆಂಬರ್ 2024, ಭಾನುವಾರ
ತೀರ್ಥಹಳ್ಳಿ ಹತ್ತಿರ, ಮನೆ ಅಂಗಳ

ಬೆಳಗಿನ ಜಾವ 4.30ಕ್ಕೆ ಬೆಂಕಿ ಹಚ್ಚಿದೆ. ಸೌದೆಯ ಹೊಗೆ, ಶಾಖದಲ್ಲಿ ಮಾಂಸವನ್ನು ನಿಧಾನವಾಗಿ ಬೇಯಿಸುವ ನನ್ನ ಸ್ಮೋಕರ್‌ನ ಮೈಯೆಲ್ಲ ಇಬ್ಬನಿ ಬಿದ್ದು ಒದ್ದೆ. ಆರಡಿ ಉದ್ದದ ಕಬ್ಬಿಣದ ಟ್ಯಾಂಕು, 6 ಮಿಲಿಮೀಟರ್ ದಪ್ಪ. ಕಾಯೋದಕ್ಕೇ ಒಂದೂವರೆ ಗಂಟೆ ಬೇಕಾಯಿತು. ಆದರೆ ಒಮ್ಮೆ ಕಾದ ಮೇಲೆ ಬೇಗ ಆರುವುದಿಲ್ಲ.

ಆಗಸ್ಟ್‌ನ ತಪ್ಪು ಮತ್ತೆ ಆಗಬಾರದು ಅಂತಲೇ ಇವತ್ತಿನ ಹಟ. ಅವತ್ತಿನ ಅಕೇಶಿಯಾ ಸೌದೆ ಹೊರಗೆ ಒಣಗಿತ್ತು, ಒಳಗೆ ಹಸಿ. ಶಾಖ 150 ಡಿಗ್ರಿ ದಾಟಿತು ಅಂತ ಹೆದರಿ ಗಾಳಿ ಕಿಂಡಿ ಮುಚ್ಚಿಬಿಟ್ಟೆ. ಉಸಿರು ಸಿಗದ ಬೆಂಕಿ ದಟ್ಟ ಬಿಳಿ ಹೊಗೆ ಉಗುಳಿತು. 8 ಕೆಜಿ ಹಂದಿ ಮಾಂಸ ಕಹಿಯಾಯಿತು. ನೆಂಟರು ಏನೂ ಅನ್ನದೆ ತಿಂದರು. ಅದೇ ಜಾಸ್ತಿ ನೋವಾಗಿದ್ದು.

ಈ ಸಲ ಪೇರಲೆ ಸೌದೆ. ಫೆಬ್ರವರಿಯಲ್ಲಿ ಸೀಳಿ, ಮಳೆಗಾಲ ಪೂರ್ತಿ ಕೊಟ್ಟಿಗೆಯಲ್ಲೇ ಒಟ್ಟಿದ್ದು. ಎರಡು ತುಂಡು ಬಡಿದರೆ ಟಣ್ ಅನ್ನಬೇಕು. ದಬ್ ಅಂದರೆ ಇನ್ನೂ ನೀರಿದೆ ಅಂತ ಅರ್ಥ.

ಶಾಖ ಇಳಿಸಬೇಕಾದರೆ ಗಾಳಿ ಕಟ್ಟಬಾರದು, ಬೆಂಕಿಯನ್ನೇ ಚಿಕ್ಕದು ಮಾಡಬೇಕು. ಕೆಳಗೆ ಕೆಂಡದ ಹಾಸು, ಮೇಲೆ ಮುಂಗೈ ದಪ್ಪದ ಒಂದೇ ಸೌದೆ. ಅದು ಮುಗಿಯುವ ಹೊತ್ತಿಗೆ ಇನ್ನೊಂದು. ಮುಂದಿನ ತುಂಡನ್ನು ಬೆಂಕಿ ಗೂಡಿನ ಮೇಲೇ ಇಟ್ಟು ಬೆಚ್ಚಗೆ ಮಾಡಿಕೊಂಡೆ. ಒಳಗೆ ಹಾಕಿದ ಕೂಡಲೇ ಅದು ಭಗ್ಗನೆ ಹೊತ್ತಿಕೊಂಡಿತು, ಹೊಗೆಯಾಡುತ್ತಾ ಕೂರಲಿಲ್ಲ. ಚಿಮಣಿ ಇಡೀ ದಿನ ಪೂರ್ತಿ ತೆರೆದೇ ಇತ್ತು. ಅಡಿಕೆ ಬೇಯಿಸುವಾಗ ಅಮ್ಮನೂ ಒಲೆ ಬಾಯಿಗೆ ಸೌದೆ ತುರುಕಲು ಬಿಡುತ್ತಿರಲಿಲ್ಲ. ಆಗ ನನಗೆ ಅದು ಬರೀ ಜಿಪುಣತನ ಅನ್ನಿಸಿತ್ತು.

ಏಳು ಗಂಟೆಗೆ ಹೊಗೆ ತೆಳ್ಳಗಾಗಿ, ತಿಳಿ ನೀಲಿಗೆ ತಿರುಗಿತು. ಆಮೇಲೇ ಮಾಂಸ ಇಟ್ಟೆ. 110ರಿಂದ 125 ಡಿಗ್ರಿ ನಡುವೆ ನಿಂತಿತು. ಬೆಂಕಿ ಕಡೆಯ ತುದಿ ಯಾವಾಗಲೂ ಜಾಸ್ತಿ ಬಿಸಿ, ಹಾಗಾಗಿ ದೊಡ್ಡ ತುಂಡು ಆ ಕಡೆಗೆ.

ಮಧ್ಯಾಹ್ನ ಮಾಂಸದ ಒಳಗಿನ ಶಾಖ 70 ಡಿಗ್ರಿಗೆ ಬಂದು ನಿಂತೇ ಹೋಯಿತು. ಎರಡೂವರೆ ಗಂಟೆ ಅಲ್ಲಾಡಲಿಲ್ಲ! ಬೆವರು ಆರುವಾಗ ಮೈ ತಣ್ಣಗಾಗುತ್ತದಲ್ವಾ, ಇದೂ ಹಾಗೇ. ಮೇಲ್ಮೈಯ ನೀರು ಆವಿಯಾಗುತ್ತಾ ಬಂದ ಬಿಸಿಯನ್ನೆಲ್ಲ ಕೊಂಡೊಯ್ಯುತ್ತದೆ. ಇನ್ನೊಂದು ಸೌದೆ ಹಾಕಲು ಕೈ ತುಡಿಯಿತು, ಹಾಕಲಿಲ್ಲ. ಬಾಳೆಲೆ ಬಾಡಿಸಿ ಮಾಂಸಕ್ಕೆ ಸುತ್ತಿದೆ. ಮುಳ್ಳು ಮತ್ತೆ ಏರತೊಡಗಿತು.

ಸಂಜೆ 5.30ಕ್ಕೆ 94 ಡಿಗ್ರಿ. ಮೂಳೆ ಹಿಡಿದು ಎಳೆದರೆ ಹಾಗೇ ಜಾರಿ ಬಂತು. ಬಿಸಿ ಕಡುಬಿನ ಜೊತೆ ಬಡಿಸಿದೆ. ಆಗಸ್ಟ್‌ನಲ್ಲಿ ಸುಮ್ಮನಿದ್ದ ಅದೇ ಅತ್ತೆ ಎರಡನೇ ಸಲ ಹಾಕಿಸಿಕೊಂಡರು.

ಉಳಿದ ಕೆಂಡ ಬಚ್ಚಲ ಒಲೆಗೆ ಹೋಯಿತು. ಕೊಟ್ಟಿಗೆಯಲ್ಲಿ ಇನ್ನು ಎರಡು ಸಲಕ್ಕಾಗುವಷ್ಟು ಪೇರಲೆ ಇದೆ.