ಇನ್ನೂ ಎಂಬತ್ತು ಪುಟ ಇದೆ

ಯಾವ ಕಾದಂಬರಿ ಓದಿದ್ದೀರಿ ಅಂತ ಕೇಳುವವರು ಬೇಕಾದಷ್ಟು ಜನ ಇದ್ದಾರೆ. ಈಗ ಯಾವುದು ಓದ್ತಾ ಇದ್ದೀರಿ ಅಂತ ಕೇಳುವವರು ಕಡಿಮೆ. ನನಗೆ ಎರಡನೆಯ ಪ್ರಶ್ನೆಯೇ ಇಷ್ಟ. ಓದಿ ಮುಗಿಸಿದ ಪುಸ್ತಕದ ಬಗ್ಗೆ ಮಾತಾಡುವಾಗ ನಾವೆಲ್ಲ ಸ್ವಲ್ಪ ಮೇಷ್ಟ್ರಾಗಿಬಿಡುತ್ತೇವೆ. ಚೆನ್ನಾಗಿದೆ, ಕೊನೆ ಮಾತ್ರ ಸರಿ ಇಲ್ಲ ಅಂತ ಷರಾ ಬರೆದು ಕಪಾಟಿಗೆ ಸೇರಿಸುತ್ತೇವೆ. ಅರ್ಧ ಓದಿದ ಕಾದಂಬರಿ ಹಾಗಲ್ಲ. ಅದರ ಜನ ಇನ್ನೂ ತಲೆಯೊಳಗೆ ಓಡಾಡುತ್ತಾ ಇರುತ್ತಾರೆ. ಅವರ ಬಗ್ಗೆ ನಮಗೆ ಸಿಟ್ಟಿದೆ, ಚಿಂತೆ ಇದೆ. ಆಗ ಬರುವ ಮಾತೇ ಬೇರೆ.

ಇದು ನನಗೆ ಸರಿಯಾಗಿ ಹೊಳೆದದ್ದು 2025ರ ಜುಲೈಯಲ್ಲಿ, ತೀರ್ಥಹಳ್ಳಿ ಹತ್ತಿರ ದೊಡ್ಡಪ್ಪನ ಮನೆಯಲ್ಲಿ, ಅಜ್ಜನ ತಿಥಿಯ ದಿನ.

ತಿಥಿ ಊಟ ಗೊತ್ತಲ್ಲ. ಮಂತ್ರ ಮುಗಿದು ಎಲೆ ಹಾಕುವಾಗಲೇ ಎರಡು ಗಂಟೆ. ಉದ್ದಿನ ವಡೆ, ಎಳ್ಳುಂಡೆ, ಪಾಯಸ, ಮೇಲೆ ಒತ್ತಾಯ ಬೇರೆ. ಗಂಡಸರು ಉಂಡು ಜಗಲಿಯಲ್ಲಿ ಚಾಪೆ ಹಾಸಿ ಉರುಳಿದರು. ಬಡಿಸಿದ ಹೆಂಗಸರು ಉಂಡು ಕೈ ತೊಳೆಯುವಾಗ ನಾಲ್ಕಾಗುತ್ತಾ ಬಂದಿತ್ತು. ಇದು ಯಾವತ್ತು ಬದಲಾಗುತ್ತದೋ! ಹೊರಗೆ ಒಂದೇ ಸಮನೆ ಮಳೆ. ಕರೆಂಟು ಬೆಳಿಗ್ಗೆಯೇ ಹೋಗಿತ್ತು.

ಭಾವ ಕಂಬಕ್ಕೆ ಒರಗಿಕೊಂಡು ಒಂದು ದಪ್ಪ ಪುಸ್ತಕ ತೆಗೆದರು. ಅವರು ದಾವಣಗೆರೆ ಕಡೆಯವರು, ಉಡುಪಿಯಲ್ಲಿ ಬ್ಯಾಂಕ್ ಕೆಲಸ. ಪುಸ್ತಕ 'ಮಲೆಗಳಲ್ಲಿ ಮದುಮಗಳು'. ಯುಗಾದಿಗೆ ಶುರು ಮಾಡಿದ್ದಂತೆ, ಇನ್ನೂ ಅರ್ಧ ಆಗಿಲ್ಲ. ಪುಟದ ನಡುವೆ ಮಡಚಿಟ್ಟ ಒಂದು ಹಾಳೆ ಇತ್ತು. ನಾನು ಎಳೆದು ನೋಡಿದೆ. ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ ಅಂತ ಒಂದೊಂದು ಚೌಕ. ಚೌಕದೊಳಗೆ ಆ ಮನೆಯ ಜನರ ಹೆಸರು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಬಾಣದ ಗುರುತು. ಲೋನ್ ಫೈಲಿನಲ್ಲಿ ಜಾಮೀನುದಾರರ ವಿವರ ಬರೆದಿಟ್ಟ ಹಾಗೆ ಇತ್ತು.

"ಏನು ಮಾಡೋದು? ಒಬ್ಬ ಬಂದ ಅಂತ ನಾನು ಅವನ ಹಿಂದೆ ಹೋಗ್ತೀನಿ. ಅಷ್ಟರಲ್ಲಿ ಇನ್ನೊಬ್ಬ ಬರ್ತಾನೆ. ಈ ಗುತ್ತಿ ಅನ್ನೋನು, ನಾಯಿ ಕರ್ಕೊಂಡು ಹೊರಟವನು, ಇನ್ನೂ ಮಳೆಯಲ್ಲಿ ತಿರುಗ್ತಾನೇ ಇದಾನೆ" ಅಂದರು ಭಾವ.

ಒಳಗಿನಿಂದ ಚಿಕ್ಕಪ್ಪನ ಧ್ವನಿ ಬಂತು. ಅವರು ನಿವೃತ್ತ ಲೆಕ್ಚರರ್. "ಕುವೆಂಪು ಮೊದಲೇ ಹೇಳಿದಾರಲ್ರೀ, ಇಲ್ಲಿ ಯಾರೂ ಮುಖ್ಯರಲ್ಲ ಅಂತ."

"ಯಾರೂ ಅಮುಖ್ಯರಲ್ಲ ಅಂತಾನೂ ಹೇಳಿದಾರಲ್ಲ ಸಾರ್. ಅದೇ ನನ್ನ ಕಷ್ಟ. ಒಬ್ಬರನ್ನೂ ಮರೆಯೋ ಹಾಗಿಲ್ಲ."

ಆಮೇಲೆ ಭಾವ ಒಂದು ಗುಟ್ಟು ಹೇಳಿದರು. ಹಿಂದಿನ ದಿನ ಆಗುಂಬೆ ಘಾಟಿ ಹತ್ತಿ ಬಂದ ಬಸ್ಸು ಮೇಗರವಳ್ಳಿ ದಾಟಿತಂತೆ. ಕಾದಂಬರಿಯ ಅಂತಕ್ಕನ ಮನೆ ಇರುವುದು ಮೇಗರವಳ್ಳಿಯಲ್ಲಿ. ಕಥೆ ನಡೆಯುವುದು 1893ರ ಸುಮಾರಿಗೆ, ವಿವೇಕಾನಂದರು ಷಿಕಾಗೋದಲ್ಲಿ ಭಾಷಣ ಮಾಡಿದ ಕಾಲದಲ್ಲಿ. ಅದು ಗೊತ್ತಿದ್ದೂ ಭಾವ ಕಿಟಕಿಯ ಶಟರ್ ಎತ್ತಿ, ಮುಖಕ್ಕೆ ನೀರು ಹೊಡೆಸಿಕೊಂಡು, ಆ ಮನೆ ಹುಡುಕಿದರಂತೆ. "ಒಂದು ಬೇಕರಿ ಕಾಣಿಸ್ತು" ಅಂದರು. ಜಗಲಿ ಪೂರ್ತಿ ನಕ್ಕಿತು. ದೇವಯ್ಯನ 'ಬೀಸೆಕಲ್ಲು' ಸವಾರಿಯ ತನಕ ಬಂದಿದ್ದೀರಾ ಅಂತ ದೊಡ್ಡಪ್ಪ ಕೇಳಿದರು. ಮಲೆನಾಡಿಗೆ ಬಂದ ಮೊದಲ ಬೈಸಿಕಲ್ಲನ್ನು ಜನ ಹಾಗೆ ಕರೆಯುವ ಪ್ರಸಂಗ. ತಿಥಿಯ ದಿನ ಮಡಿ ಪಂಚೆಯಲ್ಲಿ ಗಂಭೀರವಾಗಿ ಕೂತಿದ್ದ ದೊಡ್ಡಪ್ಪ ಸೈಕಲ್ ಬೀಳುವುದನ್ನು ಕೈಯಲ್ಲಿ ಮಾಡಿ ತೋರಿಸಿದರು. ಮೈಸೂರಿನ ರಂಗಾಯಣ 2010ರಲ್ಲಿ ಇದನ್ನು ಇಡೀ ರಾತ್ರಿಯ ನಾಟಕ ಮಾಡಿತ್ತಲ್ಲ, ಒಂಬತ್ತು ಗಂಟೆಯದು, ಅದಕ್ಕೆ ಹೋಗಿ ಬೆಳಗಿನ ತನಕ ಕೂತಿದ್ದರಂತೆ. ಅವರಿಗೆ ಓದುವ ಅಭ್ಯಾಸ ಇದೆ ಅನ್ನುವುದೇ ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದು ಕೂತರು. ಎಪ್ಪತ್ತು ದಾಟಿದವರು. "ನಾನು ಮತ್ತೆ 'ಶರಪಂಜರ' ಹಿಡಿದಿದೀನಿ" ಅಂದರು.

ತ್ರಿವೇಣಿಯವರನ್ನು ನಮ್ಮ ಮನೆಯ ಹೆಂಗಸರು ಓದಿದಷ್ಟು ಬೇರೆ ಯಾರನ್ನೂ ಓದಿಲ್ಲ. ಅವರು 1963ರಲ್ಲಿ ತೀರಿಕೊಂಡರು, ನಲವತ್ತೂ ಆಗಿರಲಿಲ್ಲ. ಅವರ ಈ ಕಾದಂಬರಿಯಲ್ಲಿ ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಬಿದ್ದ ಕಾವೇರಿ ಆಸ್ಪತ್ರೆಯಿಂದ ವಾಸಿಯಾಗಿ ಬರುತ್ತಾಳೆ. ಮನೆಯವರು, ನೆಂಟರು, ಬೀದಿಯವರು ಅವಳನ್ನು ವಾಸಿಯಾದವಳು ಅಂತ ಒಪ್ಪುವುದೇ ಇಲ್ಲ. ಆ ಕಾಲಕ್ಕೆ ಇದನ್ನು ಬರೆಯುವುದು ಸಣ್ಣ ಮಾತಲ್ಲ. ಬಹಳ ಜನಕ್ಕೆ ಪುಟ್ಟಣ್ಣನವರ ಸಿನಿಮಾ ಗೊತ್ತು, ಪುಸ್ತಕ ಗೊತ್ತಿಲ್ಲ.

"ಮದುವೆ ಆದ ಹೊಸತರಲ್ಲಿ ಓದಿ ಅತ್ತಿದ್ದೆ. ಈಗ ಅಳು ಬರಲ್ಲ, ಸಿಟ್ಟು ಬರ್ತದೆ. ಅವಳು ಕಾಫಿ ತಂದುಕೊಟ್ರೂ ಎಲ್ಲರೂ ಅನುಮಾನದಲ್ಲಿ ನೋಡೋದು. ಆ ಗಂಡನ ಮುಖಕ್ಕೆ ಎರಡು ಬಾರಿಸ್ಬೇಕು ಅನ್ಸ್ತದೆ. ನಮ್ಮ ಕಾಲದಲ್ಲಿ ಇಂಥವರು ಎಷ್ಟು ಮನೆಯಲ್ಲಿ ಇದ್ರು ಗೊತ್ತಾ? ಹಿಂದಿನ ಕೋಣೆಯಲ್ಲಿ ಇಡ್ತಿದ್ರು. ನಾವು ಮಕ್ಕಳು ಆ ಕಡೆ ಹೋಗೋ ಹಾಗಿರ್ಲಿಲ್ಲ."

ಯಾವ ಮನೆ ಅಂತ ಯಾರೂ ಕೇಳಲಿಲ್ಲ. ದೊಡ್ಡವರಿಗೆ ಗೊತ್ತಿದ್ದಂತೆ ಕಾಣಿಸಿತು.

ಅಕ್ಕನ ಮಗಳು ಮಾತು ತಿರುಗಿಸಿದಳು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಮೆಟ್ರೋದಲ್ಲಿ ನಿಂತುಕೊಂಡೇ ಓದುವವಳು. ಅವಳ ಕೈಯಲ್ಲಿ ವಸುಧೇಂದ್ರರ 'ತೇಜೋ ತುಂಗಭದ್ರಾ' ಇತ್ತು. "ನಂದೊಂದು ಪೀಕಲಾಟ ಕೇಳಿ ಅಜ್ಜಿ. ಒಂದು ಭಾಗ ಲಿಸ್ಬನ್ನಲ್ಲಿ, ಇನ್ನೊಂದು ತುಂಗಭದ್ರೆ ದಡದಲ್ಲಿ. ಅಲ್ಲಿ ಓದುವಾಗ ಹಂಪಮ್ಮ ಏನಾದ್ಲೋ ಅಂತ ಚಿಂತೆ. ಇಲ್ಲಿಗೆ ಬಂದ್ರೆ ಬೆಲ್ಲಾ ಏನಾದ್ಲೋ ಅಂತ ಚಿಂತೆ."

"ಬೆಲ್ಲ ಅಂತ ಹೆಸರಾ?"

"ಬೆಲ್ಲಾ. ಯಹೂದಿ ಹುಡುಗಿ. ಐನೂರು ವರ್ಷದ ಹಿಂದಿನ ಕಥೆ."

"ಮದುವೆ ಆಯ್ತಾ ಅವಳಿಗೆ?"

ಅತ್ತೆಗೆ ಬೇಕಾದದ್ದು ಅಷ್ಟೇ. ಪೋರ್ಚುಗೀಸರ ಹಡಗು, ಕರಿಮೆಣಸಿನ ವ್ಯಾಪಾರ, ಕೃಷ್ಣದೇವರಾಯ ಯಾವುದೂ ಅವರಿಗೆ ಬೇಡ. ಹುಡುಗಿ ಬಿಡಿಸಿ ಬಿಡಿಸಿ ಹೇಳಿದಳು. ರಾಜನಿಗಾಗಿ ಪ್ರಾಣ ಕೊಡುವ ಹರಕೆ ಹೊತ್ತ ಲೆಂಕರ ವಿಷಯ ಬಂದಾಗ ಮಾತ್ರ ಎಲ್ಲರೂ ಎದ್ದು ಕೂತರು. ಅಂಗಳದಾಚೆ ಹೊಳೆಯ ಸದ್ದು ಜೋರಾಗಿ ಕೇಳುತ್ತಿತ್ತು. "ಈ ತುಂಗೆ ನೀರೇ ಅಲ್ವಾ ಕೂಡ್ಲಿಯಲ್ಲಿ ಭದ್ರೆಗೆ ಸೇರಿ ಹಂಪಿಗೆ ಹೋಗೋದು" ಅಂದಳು ಅವಳು. ಪುಸ್ತಕದಲ್ಲಿ ಓದಿದ್ದು ಹಿತ್ತಲಲ್ಲೇ ಹರಿಯುತ್ತಿದೆ ಅನ್ನುವುದು ಅವಳಿಗೂ ಆಗಷ್ಟೇ ಹೊಳೆದ ಹಾಗಿತ್ತು.

ಚಿಕ್ಕಪ್ಪ ಎದ್ದು ಬಂದರು. "ಈಗಿನವರದ್ದು ಬಿಡಿ. ಕಾದಂಬರಿ ಅಂದ್ರೆ ಕಾರಂತರಿಗೆ ಮುಗೀತು." ಇಂಥ ಒಂದು ಮಾತು ಸಾಕು, ಕೂಟ ತಣ್ಣಗಾಗುತ್ತದೆ. ನನಗೆ ಸಣ್ಣಗೆ ಸಿಟ್ಟು ಬಂತು. ಪಾಠ ಮಾಡಿದವರ ಕಷ್ಟ ಇದು, ಅವರ ಹತ್ತಿರ ಎಲ್ಲ ಪುಸ್ತಕಕ್ಕೂ ಅಂಕ ರೆಡಿ ಇರುತ್ತದೆ. ಅಕ್ಕನ ಮಗಳು ಬಿಡಲಿಲ್ಲ. "ಅದು ಓದಿದ್ದಾಯ್ತಲ್ಲ. ಈಗ ಅರ್ಧಕ್ಕೆ ಇರೋದು ಯಾವುದು?"

ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ "ಭೈರಪ್ಪನವರ 'ಗೃಹಭಂಗ'" ಅಂದರು.

"ಅದು 1970ರದ್ದು!"

"ಹೌದು. ಕಾಲೇಜಿನಲ್ಲಿದ್ದಾಗ ಹಿಡಿದೆ. ಪ್ಲೇಗಿನಲ್ಲಿ ನಂಜಮ್ಮನ ಮಕ್ಕಳು ಸಾಯ್ತಾರಲ್ಲ, ಅಲ್ಲಿಗೆ ಮುಚ್ಚಿಟ್ಟೆ. ಮತ್ತೆ ಮತ್ತೆ ತೆಗೆದಿದೀನಿ. ಆ ಪುಟ ದಾಟೋಕೆ ಆಗಿಲ್ಲ. ಕ್ಲಾಸಲ್ಲಿ ಅದರ ಬಗ್ಗೆ ಪಾಠಾನೂ ಮಾಡಿದೀನಿ."

ಅತ್ತೆ ತಮ್ಮನ ಕಡೆ ನೋಡಿ, "ನಾನು ದಾಟಿದೀನಿ. ಮುಂದೆ ಇನ್ನೂ ಕಷ್ಟ ಇದೆ. ಬೇಡ ಬಿಡು" ಅಂದರು.

ಚಿಕ್ಕಪ್ಪನ ಬಾಯಿಂದ ಸಾಹಿತ್ಯದ ಮಾತು ನಾನು ಜೀವಮಾನವಿಡೀ ಕೇಳಿದ್ದೇನೆ. ಆದರೆ ನೆನಪಿನಲ್ಲಿ ಉಳಿಯುವುದು ಇದೊಂದೇ.

ನನ್ನ ಬ್ಯಾಗಿನಲ್ಲಿ ಯಶವಂತ ಚಿತ್ತಾಲರ 'ಶಿಕಾರಿ' ಇತ್ತು. ಮುಂಬಯಿ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವ ನಾಗಪ್ಪನ ಮೇಲೆ ಇದ್ದಕ್ಕಿದ್ದಂತೆ ವಿಚಾರಣೆ ಶುರುವಾಗುತ್ತದೆ. ಯಾಕೆ ಅಂತ ಅವನಿಗೇ ಗೊತ್ತಿಲ್ಲ. ಚಿತ್ತಾಲರು ಸ್ವತಃ ಮುಂಬಯಿಯ ಕಂಪನಿಯಲ್ಲಿ ದುಡಿದವರು. ಹಾಗಾಗಿ ಆ ಆಫೀಸಿನ ನಗು, ಫೋನು, ಕಾಫಿ ಎಲ್ಲದರಲ್ಲೂ ಭಯ ಇದೆ. ರಾತ್ರಿ ಓದಿ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬಾಸ್ ಗುಡ್ ಮಾರ್ನಿಂಗ್ ಅಂದದ್ದಕ್ಕೂ ಬೇರೆ ಅರ್ಥ ಹುಡುಕುತ್ತೇನೆ ಅಂದೆ. ಇದು ಎಲ್ಲರಿಗಿಂತ ಚೆನ್ನಾಗಿ ಅರ್ಥವಾದದ್ದು ಭಾವನಿಗೆ. ಬ್ಯಾಂಕಿನಲ್ಲಿ ಎನ್‌ಕ್ವೈರಿ ಅಂದರೆ ಏನು, ಸಸ್ಪೆಂಡ್ ಆದವನ ಟೇಬಲ್ ಹತ್ತಿರ ಜನ ಹೇಗೆ ಹಾದುಹೋಗುತ್ತಾರೆ ಅಂತ ಶುರು ಮಾಡಿದರು. ಮುಗಿಯುವಾಗ ಕಷಾಯದ ಹೊತ್ತಾಗಿತ್ತು.

ಇಷ್ಟು ಹೊತ್ತೂ ಮೂಲೆಯಲ್ಲಿ ಭಟ್ಟರು ಸುಮ್ಮನೆ ಕೂತಿದ್ದರು. ಬೆಳಿಗ್ಗೆ ತಿಥಿ ಮಾಡಿಸಿದವರು. ಮಳೆ ಕಡಿಮೆಯಾದರೆ ಸ್ಕೂಟರ್ ಹತ್ತುವ ಅಂತ ಕಾಯುತ್ತಿದ್ದರು. "ನೀವೂ ಓದ್ತೀರಾ ಭಟ್ರೇ?" ಅಂತ ಹುಡುಗಿ ಸುಮ್ನೆ ಕೇಳಿದ್ದು. ಅವರು ಚೀಲದಲ್ಲಿ ಪಂಚಾಂಗದ ಕೆಳಗಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಪುಸ್ತಕ ತೆಗೆದರು. ತ.ರಾ.ಸು. ಅವರ 'ದುರ್ಗಾಸ್ತಮಾನ', ಲೈಬ್ರರಿ ಸೀಲಿನ ಪ್ರತಿ. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಎಲ್ಲ ಮುಗಿಸಿ ಇದಕ್ಕೆ ಬಂದಿದ್ದರು. ಚಿತ್ರದುರ್ಗದ ಕೊನೆಯ ನಾಯಕ ಮದಕರಿಯ ಕಥೆ.

"ಎಲ್ಲಿಗೆ ಬಂತು?" ಅಂತ ಚಿಕ್ಕಪ್ಪ ಕೇಳಿದರು. ಈ ಸಲ ಮೇಷ್ಟ್ರ ಧ್ವನಿ ಇರಲಿಲ್ಲ.

"ಇನ್ನೂ ಎಂಬತ್ತು ಪುಟ ಇದೆ. ನಿಲ್ಲಿಸಿದೀನಿ. ಓದಿದ್ರೆ ದುರ್ಗ ಬೀಳ್ತದೆ."

"1779ರಲ್ಲೇ ಬಿತ್ತಲ್ಲ ಭಟ್ರೇ, ಹೈದರಾಲಿ ಕೈಗೆ. ಪುಸ್ತಕದ ಹೆಸರಲ್ಲೇ ಇದೆ."

"ಗೊತ್ತು. ಆದ್ರೆ ನಾನು ಓದುವವರೆಗೆ ಬಿದ್ದಿಲ್ಲ ಅಲ್ವಾ? ಇನ್ನೊಂದು ಸಲ ರಿನ್ಯೂ ಮಾಡಿಸಿದೀನಿ."

ಭಾವ ತಮ್ಮ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಅವರನ್ನೇ ನೋಡಿದರು. ಇಬ್ಬರೂ ಫೋನ್ ನಂಬರ್ ಕೊಟ್ಟುಕೊಂಡರು.

ರಾತ್ರಿ ಅಕ್ಕನ ಮಗಳು 'ಎಲ್ಲಿಗೆ ಬಂತು?' ಅಂತ ಹೆಸರಿಟ್ಟು ಒಂದು ವಾಟ್ಸಾಪ್ ಗ್ರೂಪ್ ಮಾಡಿದಳು. ಓದಿ ಮುಗಿಸಿದ್ದರ ಬಗ್ಗೆ ಅಲ್ಲಿ ಬರೆಯುವ ಹಾಗಿಲ್ಲ, ಅದೊಂದೇ ನಿಯಮ. ಮೊದಲ ಒಂದೆರಡು ವಾರ ಎಲ್ಲರೂ ಬರೆದರು. ಈಗ ಜಾಸ್ತಿ ಬರುವುದು ಅತ್ತೆಯ ವಾಯ್ಸ್ ಮೆಸೇಜುಗಳು. ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡ ಮೇಲೆ ಅವರು 'ಮಂದ್ರ' ಹಿಡಿದಿದ್ದಾರೆ. ಅದರ ಗಾಯಕ ಮೋಹನಲಾಲನನ್ನು ಕಂಡರೆ ಅತ್ತೆಗೆ ಆಗುವುದಿಲ್ಲ, ಬಿಡಲೂ ಆಗುವುದಿಲ್ಲ. ಮೊನ್ನೆ ರಾತ್ರಿ ಬಂದದ್ದು ಹೀಗಿತ್ತು: "ಈ ಪ್ರಾಣಿ ಹಾಡೋಕೆ ಕೂತ್ರೆ ದೇವರು ಕಣೇ. ತಂಬೂರಿ ಕೆಳಗಿಟ್ಟ ಅಂದ್ರೆ... ಬೇಡ, ಭಟ್ರೂ ಇದಾರೆ ಗ್ರೂಪಲ್ಲಿ."

ಕೆಳಗೆ ಭಟ್ಟರ ಉತ್ತರ: "ಹೇಳಿ ಅಮ್ಮಾ, ಪರವಾಗಿಲ್ಲ. ನಾನೂ ಅಲ್ಲೇ ಇದ್ದೀನಿ."