13ನೇ ಚಾನೆಲ್‌ನ ಕಾಟ

ಅಪ್ಪ ಅಮ್ಮ ಮ್ಯೂನಿಕ್‌ಗೆ ಬಂದು ಎರಡು ವಾರವಾಗಿತ್ತು. ಬೇಸಿಗೆಯಲ್ಲಿ ಇಲ್ಲಿಗೂ ಊರಿಗೂ ಮೂರೂವರೆ ಗಂಟೆ ವ್ಯತ್ಯಾಸ. ಮೈಸೂರಲ್ಲಿ ರಾತ್ರಿ ಏಳೂವರೆಗೆ ಬರುವ ಧಾರಾವಾಹಿ ಇಲ್ಲಿ ಸಂಜೆ ನಾಲ್ಕಕ್ಕೇ ಶುರು. ಅಮ್ಮ ಕಾಫಿ ಲೋಟ ಹಿಡಿದು ಕೂತಳು. ಟಿವಿಯಲ್ಲಿ ನೆಟ್‌ವರ್ಕ್ ಇಲ್ಲ.

"ನಿನ್ನೆ ಬರ್ತಿತ್ತಲ್ವೇನೋ?"

ಬರ್ತಿತ್ತು, ಅದೇ ಸೋಜಿಗ. ಫೋನಿನಲ್ಲಿ ಈಗಲೂ ಬರುತ್ತಿತ್ತು. ಟಿವಿಗೆ ಚುಚ್ಚಿದ ಸ್ಟ್ರೀಮಿಂಗ್ ಸ್ಟಿಕ್‌ಗೆ (ಇಂಟರ್ನೆಟ್ಟಿನ ಕಾರ್ಯಕ್ರಮಗಳನ್ನು ಟಿವಿಯಲ್ಲಿ ತೋರಿಸುವ ಪುಟ್ಟ ಕಡ್ಡಿ) ಮಾತ್ರ ನಮ್ಮ ವೈಫೈ ಹೆಸರೇ ಕಾಣುತ್ತಿರಲಿಲ್ಲ. ಅಕ್ಕಪಕ್ಕದ ಮನೆಯವರದ್ದೆಲ್ಲ ಸಾಲಾಗಿ ಕಾಣುತ್ತಿತ್ತು!

ಆಫ್ ಮಾಡಿ ಆನ್ ಮಾಡಿದೆ. ಟಿವಿಯ ಯುಎಸ್‌ಬಿಯಿಂದ ಕರೆಂಟ್ ಸಾಲದೇನೋ ಅಂತ ಗೋಡೆಯ ಪ್ಲಗ್ಗಿಗೆ ಹಾಕಿದೆ. ಟಿವಿಯ ಹಿಂದೆ ಸಿಗ್ನಲ್ ತಡೆಯುತ್ತದೆ ಅಂತ ಎಚ್‌ಡಿಎಂಐ ಎಕ್ಸ್‌ಟೆನ್ಶನ್ ಹಾಕಿ ಹೊರಗೆಳೆದೆ. ಅಪ್ಪ ಅದನ್ನು ಕೈಲಿ ಹಿಡಿದು ಮನೆಯ ಮೇಲಿನ ಹಳೇ ಅಂಟೆನಾ ತಿರುಗಿಸಿದ ಹಾಗೆ ಆ ಕಡೆ ಈ ಕಡೆ ತಿರುಗಿಸುತ್ತಾ "ಬಂತಾ? ಈಗ ಬಂತಾ?" ಅಂದರು. ಕೊನೆಗೆ ಫ್ಯಾಕ್ಟರಿ ರೀಸೆಟ್. ಅದನ್ನು ಮಾತ್ರ ಮಾಡಬೇಡಿ. ರಿಮೋಟಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಎಲ್ಲಾ ಪಾಸ್‌ವರ್ಡ್ ಮತ್ತೆ ಹಾಕುವುದಿದೆಯಲ್ಲ, ಶತ್ರುವಿಗೂ ಬೇಡ.

ಸುತ್ತಲಿನ ವೈಫೈಗಳು ಯಾವ ಚಾನೆಲ್‌ನಲ್ಲಿವೆ ಅಂತ ತೋರಿಸುವ ವೈಫೈ ಅನಲೈಜರ್ ಆ್ಯಪ್ ಫೋನಿಗೆ ಹಾಕಿಕೊಂಡು ನೋಡಿದಾಗ ಕಳ್ಳ ಸಿಕ್ಕಿಬಿದ್ದ. ನಮ್ಮ ರೌಟರ್ 13ನೇ ಚಾನೆಲ್‌ನಲ್ಲಿ ಕೂತಿತ್ತು. ಟಿವಿ ಚಾನೆಲ್ ಅಲ್ಲ, ವೈಫೈ ಸಿಗ್ನಲ್ ಓಡಾಡುವ ದಾರಿ. ನನ್ನ ಸ್ಟಿಕ್ ನ್ಯೂಜೆರ್ಸಿಯಲ್ಲಿದ್ದಾಗ ಕೊಂಡಿದ್ದು. ವೈಫೈನ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಯುರೋಪಿನವರು 1ರಿಂದ 13ರವರೆಗಿನ ಚಾನೆಲ್ ಬಳಸುತ್ತಾರೆ. ಅಮೆರಿಕದಲ್ಲಿ ಮಾರುವ ಸಾಧನಗಳು ಸಾಮಾನ್ಯವಾಗಿ 11ಕ್ಕೇ ನಿಂತುಬಿಡುತ್ತವೆ. ಪಾಪ, ಅದರ ಪಾಲಿಗೆ 13 ಅನ್ನುವುದೇ ಇಲ್ಲ! ನಮ್ಮದು ತುಂಬಿದ ಅಪಾರ್ಟ್‌ಮೆಂಟು. ರೌಟರ್ 'ಆಟೋ'ದಲ್ಲಿದ್ದರೆ ಗದ್ದಲ ಕಮ್ಮಿ ಇರುವ ಚಾನೆಲ್ಲಿಗೆ ತಾನೇ ಹಾರುತ್ತದೆ. ನಿನ್ನೆ 6, ಇವತ್ತು 13. ವೈಫೈನ ಇನ್ನೊಂದು ಪಟ್ಟಿ, 5 ಗಿಗಾಹರ್ಟ್ಸ್ ಇದೆಯಲ್ಲ ಅಂತೀರಾ? ಹಳೇ ಕಟ್ಟಡ, ದಪ್ಪ ಗೋಡೆ. ಪ್ಯಾಸೇಜಿನ ರೌಟರಿನಿಂದ ಹಾಲ್‌ಗೆ ಬರುವಷ್ಟರಲ್ಲಿ ಅದು ಸುಸ್ತು.

ರೌಟರಿನ ತಳದಲ್ಲಿ ಅಂಟಿಸಿದ ಚೀಟಿಯಲ್ಲಿದ್ದ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿದೆ. 'ಫಂಕ್‌ಕನಾಲ್' ಅಂತ ಒಂದು ಕಡೆ ಬರೆದಿತ್ತು, ಅಂದರೆ ರೇಡಿಯೋ ಚಾನೆಲ್. ಆಟೋ ತೆಗೆದು 6ಕ್ಕೆ ಇಟ್ಟೆ. ಎರಡೇ ನಿಮಿಷದ ಕೆಲಸ. ಟಿವಿಯಲ್ಲಿ ನಮ್ಮ ಮನೆಯ ಹೆಸರು ಮೇಲೆದ್ದು ಬಂತು.

"ಅಮ್ಮಾ, ಬಂತು!" ಅಂತ ಕೂಗಿದೆ. ಅವಳು ಅಡುಗೆಮನೆಯಲ್ಲಿ ಫೋನ್ ಹಿಡಿದು ನಿಂತಿದ್ದಳು. ಅವತ್ತಿನ ಕಂತು ಆಗಲೇ ಮುಗಿದಿತ್ತು. ಮೈಸೂರಿನಿಂದ ಚಿಕ್ಕಮ್ಮ ಪೂರ್ತಿ ಕಥೆ ಹೇಳುತ್ತಿದ್ದಳು.