ಅಲ್ಲಿಗೆ ಹೋಗದೆ ಹೇಗೆ ತಿಳಿಯುತ್ತದೆ?

ಚಿಕ್ಕಮಗಳೂರು ಸುತ್ತಿನ ಶಾಲೆಗಳಲ್ಲಿ ಮಕ್ಕಳಿಗೆ ಟೆಲಿಸ್ಕೋಪಿನಲ್ಲಿ ಆಕಾಶ ತೋರಿಸುತ್ತೇನೆ. ಎಲ್ಲಿ ಹೋದರೂ ಒಂದು ಪ್ರಶ್ನೆ ತಪ್ಪುವುದಿಲ್ಲ: “ಸರ್, ಅಷ್ಟು ದೂರದ ಗ್ರಹಗಳಿಗೆ ಹೋಗುವುದಕ್ಕೇ ಆಗುವುದಿಲ್ಲ. ಅಲ್ಲಿ ಜೀವ ಇದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?”

ಉತ್ತರ ಹೇಳುವ ಮೊದಲು ಚೀಲದಿಂದ ಒಂದು ಕಲ್ಲು ತೆಗೆದು ಕೈಗೆ ಕೊಡುತ್ತೇನೆ. ಕೆಮ್ಮಣ್ಣುಗುಂಡಿ ರಸ್ತೆಯ ಬದಿಯಲ್ಲಿ ಸಿಕ್ಕಿದ್ದು. ಅಂಗೈಯಲ್ಲಿ ಹಿಡಿಯುವಷ್ಟೇ ಇದ್ದರೂ ಕೈ ಜಗ್ಗುವಷ್ಟು ಭಾರ. ಒಡೆದ ಬದಿಗೆ ನೀರು ಸವರಿದರೆ ಕೆಂಪು, ಬೂದುಗಪ್ಪು ಪಟ್ಟೆಗಳು ಮಡಿಸಿಟ್ಟ ಸೀರೆಯ ಅಂಚಿನಂತೆ ಎದ್ದು ಕಾಣುತ್ತವೆ. ಭದ್ರಾವತಿಯ ಕಾರ್ಖಾನೆಗೆ ಒಂದು ಕಾಲದಲ್ಲಿ ಅದಿರು ಹೋಗುತ್ತಿದ್ದುದು ಈ ಬೆಟ್ಟಗಳಿಂದಲೇ. 250 ಕೋಟಿ ವರ್ಷಗಳಿಗೂ ಹಿಂದೆ, ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ತುಕ್ಕಾಗಿ ತಳಕ್ಕಿಳಿದು ಈ ಪಟ್ಟೆಗಲ್ಲುಗಳು ಮೂಡಿದವು. ಆ ತುಕ್ಕು ಹಿಡಿಸುವುದರಲ್ಲಿ ಸೂಕ್ಷ್ಮಜೀವಿಗಳ ಕೈವಾಡವಿತ್ತು ಎಂಬುದು ಅನೇಕ ವಿಜ್ಞಾನಿಗಳ ಅಭಿಪ್ರಾಯ. ಕಣ್ಣಿಗೆ ಕಾಣದ ಜೀವಿಗಳು ಬೆಟ್ಟದ ಸಾಲಿನಷ್ಟು ದೊಡ್ಡ ಗುರುತು ಬಿಟ್ಟುಹೋಗಿವೆ ಎಂದು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಜೀವ ಗಾಳಿಯನ್ನೂ ಬದಲಿಸುತ್ತದೆ. ಟ್ರಾಪಿಸ್ಟ್-1 ಎಂಬ ನಕ್ಷತ್ರ ಸುಮಾರು 40 ಜ್ಯೋತಿರ್ವರ್ಷ ದೂರದಲ್ಲಿದೆ, ಅದಕ್ಕೆ ಏಳು ಗ್ರಹಗಳಿವೆ. ಗ್ರಹವೊಂದು ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ, ಅದಕ್ಕೆ ವಾಯುಮಂಡಲವಿದ್ದರೆ, ಸ್ವಲ್ಪ ಬೆಳಕು ಅದರಲ್ಲಿ ಸೋಸಿ ಬರುತ್ತದೆ. ಯಾವ ಬಣ್ಣ ಕಡಿಮೆಯಾಗಿದೆ ಎಂದು ಜೇಮ್ಸ್ ವೆಬ್ ದೂರದರ್ಶಕ ಅಳೆಯುತ್ತದೆ. ಅದರಿಂದ ಅಲ್ಲಿರುವ ಅನಿಲ ತಿಳಿಯುತ್ತದೆ. ಆಮ್ಲಜನಕ, ಮೀಥೇನ್ ಎರಡೂ ಒಟ್ಟಿಗೆ ಸಿಕ್ಕರೆ ಎದೆ ಹಿಗ್ಗುವಂಥ ಸುದ್ದಿ. ಅವು ಒಂದನ್ನೊಂದು ಮುಗಿಸುತ್ತವೆ, ಹಾಗಾಗಿ ಮತ್ತೆ ಮತ್ತೆ ತುಂಬುವ ಏನೋ ಒಂದು ಇರಲೇಬೇಕು, ಅದು ಜೀವವೂ ಆಗಿರಬಹುದು.

ಮಲೆನಾಡಿನ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಕಣಿವೆಯಾಚೆಯ ತೋಟದ ಮನೆ ಮರಗಳಲ್ಲಿ ಮರೆಯಾಗಿದ್ದರೂ ಬಚ್ಚಲೊಲೆಯ ಹೊಗೆ ಎದ್ದರೆ ಜನ ಇದ್ದಾರೆಂದು ಗೊತ್ತು. ಆದರೆ ಆಷಾಢದ ಬೆಳಿಗ್ಗೆ ಯಾವುದು ಹೊಗೆ, ಯಾವುದು ಮಂಜು ಎಂದು ಇಲ್ಲೇ ಹುಟ್ಟಿ ಬೆಳೆದವರೂ ಹೇಳಲಾರರು. “ಜೀವ ಪತ್ತೆ!” ಎಂದು ದಪ್ಪಕ್ಷರದಲ್ಲಿ ಬರುವ ಸುದ್ದಿಗಳ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ.

2024ರ ಜುಲೈನಲ್ಲಿ ನಾಸಾದ ಪರ್ಸಿವಿಯರೆನ್ಸ್ ರೋವರ್ ಮಂಗಳದ ಒಣಗಿದ ನದಿಕಣಿವೆಯಲ್ಲಿ ಕೆಂಪು ಬಂಡೆಯೊಂದನ್ನು ಕಂಡಿತು. ಮೈತುಂಬ ಚಿರತೆಯಂಥ ಚುಕ್ಕೆ. ಚುಕ್ಕೆಗಳ ಅಂಚಿನಲ್ಲಿ ಕಬ್ಬಿಣ, ರಂಜಕದ ಖನಿಜ. ಒಳಗೆ ಕಬ್ಬಿಣ, ಗಂಧಕದ್ದು. ಭೂಮಿಯ ಕೆಸರಿನಲ್ಲಿ ಇಂಥವನ್ನು ಸೂಕ್ಷ್ಮಜೀವಿಗಳು ಉಂಟುಮಾಡುತ್ತವೆ. ಜೀವವಿಲ್ಲದೆಯೂ ಆಗಬಹುದು. ಹೊಗೆಯೋ ಮಂಜೋ ತಿಳಿಯಬೇಕಾದರೆ, ರೋವರ್ ಕೊರೆದು ಕೊಳವೆಯಲ್ಲಿ ಮುಚ್ಚಿಟ್ಟ ಚೂರು ಭೂಮಿಯ ಪ್ರಯೋಗಾಲಯಕ್ಕೆ ಬರಬೇಕು. ಆ ಬಂಡೆಯ ಚಿತ್ರವನ್ನು ಈಗ ನನ್ನ ಕಲ್ಲಿನ ಜೊತೆಯಲ್ಲೇ ಇಟ್ಟುಕೊಂಡಿದ್ದೇನೆ. ಮಕ್ಕಳು ಎರಡನ್ನೂ ಬಹಳ ಹೊತ್ತು ನೋಡುತ್ತಾರೆ.